ಗೋಲಿನ ಹಿಂದಿನ ಮರ್ಡೋ
ಶನಿವಾರ ಮಧ್ಯಾಹ್ನ ಗೋಲಿನ ಹಿಂದೆ ಮರ್ಡೋ ರೆನ್ನಿಯ ಗಂಟಲು ಕೇಳಿಸಲಿಲ್ಲವೆಂದರೆ ಸ್ಕಾಟ್ಲೆಂಡಿನ ಆ ಪುಟ್ಟ ಊರಿಗೆ ಫುಟ್‌ಬಾಲ್ ಪಂದ್ಯ ಶುರುವಾಯಿತೆಂಬ ನಂಬಿಕೆಯೇ ಬಾರದು. ಕೈಯಲ್ಲಿ ಬಿಸಿಬಿಸಿ ಮಾಂಸದ ಪೈ, ಕೊರಳಲ್ಲಿ ಬಣ್ಣಗೆಟ್ಟ ಮಫ್ಲರು, ಬಾಯಲ್ಲಿ ತಮ್ಮೂರ ತಂಡದ್ದೇ ಗೋಲ್‌ಕೀಪರ್ ಗ್ರೆಗರನ ಸಹಸ್ರನಾಮ: "ಲೋ, ಕೈಗೆ ಬೆಣ್ಣೆ ಹಚ್ಕೊಂಡು ಬಂದಿದ್ದೀಯೇನೋ? ನಮ್ಮಜ್ಜಿ ಹಿಡೀತಿದ್ಲು ಆ ಚೆಂಡನ್ನ!" ಮೂರನೇ ಗೋಲು ಬಿದ್ದೊಡನೆ, "ಇನ್ನು ಈ ಕಡೆ ತಲೆ ಹಾಕಿಯೂ ಮಲಗಲ್ಲ" ಎಂದು ಆಣೆಯಿಡುತ್ತಾನೆ, ಮುಂದಿನ ಶನಿವಾರ ಎಲ್ಲರಿಗಿಂತ ಮೊದಲು ಹಾಜರು. ಹನ್ನೆರಡು ವರ್ಷಗಳಲ್ಲಿ ತಂಡ ಲೀಗಿನಲ್ಲಿ ಒಂದು ಸಲ ಮೇಲಿನ ದರ್ಜೆಗೇರಿ ಎರಡು ಸಲ ಕೆಳಗಿನ ದರ್ಜೆಗಿಳಿದಿದೆ, ಬೈಗುಳ ಮಾತ್ರ ಇಳಿದಿಲ್ಲ. ಪಂದ್ಯ ಮುಗಿದ ಮೇಲೆ ಅದೇ ಗ್ರೆಗರನಿಗೆ ಪೈ ಕೊಡಿಸುವುದೂ ತಪ್ಪಿಲ್ಲ. ಯಾಕಪ್ಪಾ ಎಂದು ಕೇಳಿದರೆ ದನಿ ತಗ್ಗುತ್ತದೆ: "ನಮ್ಮಲ್ಲಿ ಶವಪೆಟ್ಟಿಗೆನ ಎಂಟು ಹಗ್ಗ ಕಟ್ಟಿ ಇಳಿಸ್ತಾರೆ, ಒಂದೊಂದನ್ನೂ ಹತ್ತಿರದವರೊಬ್ರು ಹಿಡೀಬೇಕು. ನನ್ನ ಹೆಂಡ್ತೀನ ಗುಂಡಿಗಿಳಿಸೋವಾಗ ಎಂಟನೇ ಹಗ್ಗಕ್ಕೆ ಜನ ಇರ್ಲಿಲ್ಲ. ಅವನಾಗೇ ಬಂದು ಹಿಡ್ಕೊಂಡ. ಅವತ್ತು ಆ ಕೈ ಒಂಚೂರೂ ಜಾರಲಿಲ್ಲ ಕಣಯ್ಯ."