ಮಿಲಿಟ್ರಿ ಮಾವ ತೋಡಿದ ಹೊಂಡಗಳು

ಹೋದ ವಾರ ಟಿ. ನರಸೀಪುರದ ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕೂತಿದ್ದಾಗ ಕರೆಂಟು ಹೋಯಿತು. ಹಿಂದುಗಡೆ ಜನರೇಟರ್ ಗುಡುಗಿತು. ಡೀಸೆಲ್ ಹೊಗೆಯ ವಾಸನೆ ಕಿಟಕಿಯಿಂದ ನುಗ್ಗಿ ಎಲೆಯ ಮೇಲಿನ ತಿಳಿಸಾರಿನ ಪರಿಮಳವನ್ನೇ ಮುಚ್ಚಿಹಾಕಿತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಮಿಲಿಟ್ರಿ ಮಾವ ನೆನಪಾದರು...

ಸಂಬಂಧವೇನಿಲ್ಲ, ಪಕ್ಕದ ಮನೆಯವರು. ನಾನು ಸೋಸಲೆಗೆ ಸೊಸೆಯಾಗಿ ಬಂದ ವರ್ಷವೇ ಅವರು ಸೇನೆಯಿಂದ ನಿವೃತ್ತರಾಗಿ ಬಂದಿದ್ದರು. ಕೊನೆಯ ಕೆಲಸ ಆಫ್ರಿಕಾದ ಒಂದು ದೇಶದಲ್ಲಿ, ಶಾಂತಿಪಾಲನಾ ಪಡೆಯ ಶಿಬಿರದಲ್ಲಿ. ಬಂದೂಕು ಹಿಡಿಯುವುದಕ್ಕಿಂತ ಹೆಚ್ಚಾಗಿ ಜನರೇಟರ್ ಮತ್ತು ನೀರಿನ ಉಸ್ತುವಾರಿ.

ಒಂದು ಬೇಸಿಗೆ ಗುದ್ದಲಿ ಹಿಡಿದು ನಮ್ಮ ಹಿತ್ತಲಿಗೆ ಬಂದರು. ನಮ್ಮ ಬಚ್ಚಲ ನೀರು ಚರಂಡಿ ಸೇರಿ ಹೊಳೆಗೆ ಹೋಗುತ್ತಿತ್ತು. ಅದನ್ನು ಇಂಗಿಸಲು ಗುಂಡಿ ತೋಡಬೇಕು ಎಂದರು.

"ಇಡೀ ಊರಿನ ನೀರು ಹೊಳೆಗೇ ಹೋಗುತ್ತಲ್ಲ ಮಾವ, ನಮ್ಮದೊಂದು ನಿಲ್ಲಿಸಿದ್ರೆ ಏನಾಗುತ್ತೆ?" ಎಂದೆ, ಸ್ವಲ್ಪ ಒರಟಾಗಿಯೇ.

ಅವರು ಗುದ್ದಲಿ ಕೆಳಗಿಟ್ಟು ಕಟ್ಟೆಯ ಮೇಲೆ ಕೂತರು. "ಅಲ್ಲಿ ನಮ್ ಸಾಹೇಬ್ರೂ ಇಂಥದೇ ಮಾತು ಅಂದಿದ್ರು ಕಣಮ್ಮ."

ಶಿಬಿರದ ಅಡುಗೆಮನೆ, ಸ್ನಾನದ ಮನೆಗಳ ನೀರೆಲ್ಲ ಬೇಲಿಯಾಚೆಯ ತೊರೆಗೆ ಬೀಳುತ್ತಿತ್ತಂತೆ. ಕೆಳಗಿನ ಹಳ್ಳಿಯವರು ಅದನ್ನೇ ಕುಡಿಯುವವರು. ಒಂದು ಬೆಳಿಗ್ಗೆ, ಬೆನ್ನಿಗೆ ಮಗು ಕಟ್ಟಿಕೊಂಡ ಒಬ್ಬಾಕೆ ಗೇಟಿಗೆ ಬಂದಳು. ಬಯ್ಯಲಿಲ್ಲ. ತಲೆಯ ಮೇಲಿನ ಕ್ಯಾನ್ ಇಳಿಸಿ, ನೀರನ್ನು ಮಾವನ ಬೂಟಿನ ಮುಂದೆ ಸುರಿದಳು. ಸೋಪಿನ ನೊರೆ, ಎಣ್ಣೆ ಜಿಡ್ಡು. ಆಮೇಲೆ ಬೆನ್ನು ತಿರುಗಿಸಿ ಮಗುವನ್ನು ತೋರಿಸಿದಳು. ಅದರ ಕಣ್ಣುಗಳು ಗುಳಿಬಿದ್ದಿದ್ದವು...

"ಕಾಪಾಡಕ್ಕೆ ಅಂತ ಬಂದೋರು ನಾವು," ಎಂದರು ಮಾವ.

ಶಿಬಿರದ ಡಾಕ್ಟರು ಮಗುವನ್ನು ನೋಡಿ ಔಷಧಿ ಕೊಟ್ಟರು. ಮಾವ ನೇರವಾಗಿ ಸಾಹೇಬರ ಹತ್ತಿರ ಹೋದರು. ಇನ್ನು ಆರು ತಿಂಗಳಿಗೆ ನಾವೇ ಹೊರಡುವವರು, ಇದಕ್ಕೆಲ್ಲ ಆಳು ಎಲ್ಲಿಂದ ತರಲಿ ಎಂದರು ಸಾಹೇಬರು. ಮಾವ ತಮ್ಮ ವಿರಾಮದ ಹೊತ್ತಿನಲ್ಲಿ ಒಬ್ಬರೇ ಅಗೆಯತೊಡಗಿದರು. ಮೂರನೆಯ ದಿನ ಅಡುಗೆಯವರು ಕೈಜೋಡಿಸಿದರು. ವಾರ ಕಳೆಯುವಷ್ಟರಲ್ಲಿ ಸಾಹೇಬರೇ ಒಂದು ಲಾರಿ ಜಲ್ಲಿ ತರಿಸಿಕೊಟ್ಟರು. ಒಂದರ ಕೆಳಗೊಂದು ಮೂರು ಹೊಂಡಗಳಾದವು. ಮೊದಲನೆಯದಕ್ಕೆ ಜಲ್ಲಿ, ಎರಡನೆಯದಕ್ಕೆ ಮರಳು, ಕೊನೆಯದರಲ್ಲಿ ಜೊಂಡು. ಸುಮ್ಮನೆ ಓಡುತ್ತಿದ್ದ ಎರಡು ಜನರೇಟರುಗಳನ್ನೂ ಮಾವ ಹಗಲು ಹೊತ್ತು ನಿಲ್ಲಿಸಿಬಿಟ್ಟರು.

"ಆ ಮಗು?" ಎಂದು ಕೇಳಿದೆ.

"ಗೊತ್ತಾಗ್ನಿಲ್ಲ ಕಣಮ್ಮ. ಅವ್ಳು ಮತ್ತೆ ಗೇಟ್ ತಾವ ಬರ್ನೇ ಇಲ್ಲ." ಮುಖವನ್ನು ಆಚೆ ತಿರುಗಿಸಿಕೊಂಡರು...

ಅವತ್ತು ಸೆರಗು ಸಿಕ್ಕಿಸಿಕೊಂಡು ನಾನೂ ಮಣ್ಣು ಹೊತ್ತೆ.

ಹೋದ ವರ್ಷದ ಆಷಾಢದಲ್ಲಿ ಮಾವ ತೀರಿಕೊಂಡರು. ಮೈಸೂರಿನ ಆಸ್ಪತ್ರೆಗೆ ನೋಡಲು ಹೋದಾಗಲೂ, "ಗುಂಡಿ ಊಳು ತೆಗೆಸ್ದಾ?" ಎಂದೇ ಕೇಳಿದ್ದರು.

ಮೊನ್ನೆ ಭಾನುವಾರ ನಾನು ಅವರ ಮನೆಯಲ್ಲಿದ್ದಾಗ ನಂಜನಗೂಡಿನಿಂದ ಒಬ್ಬ ಸೈನಿಕ ಮಾವನನ್ನು ಹುಡುಕಿಕೊಂಡು ಬಂದ. ಮಾವನ ಕೈಕೆಳಗೆ ಕೆಲಸ ಕಲಿತವನು. ಈಚೆಗೆ ಅದೇ ಶಿಬಿರದಲ್ಲಿದ್ದು ರಜೆಗೆ ಬಂದಿದ್ದ. ಮಾವ ಇಲ್ಲವೆಂಬುದು ಅವನಿಗೆ ತಿಳಿದಿರಲಿಲ್ಲ. ಕೇಳಿದವನು ಜಗಲಿಯ ಮೇಲೆ ಕೂತುಬಿಟ್ಟ. ಮಾವನಿಗೆಂದು ತಂದಿದ್ದ ಫೋಟೋಗಳನ್ನು ನಾನು ಅತ್ತೆ ಎಂದೇ ಕರೆಯುವ ಅವರ ಹೆಂಡತಿಗೆ ಫೋನಿನಲ್ಲಿ ತೋರಿಸಿದ. ಈಗ ಅಲ್ಲಿ ಆರು ಹೊಂಡಗಳು. ಜನರೇಟರುಗಳಿದ್ದ ಕಡೆ ಸೋಲಾರ್ ಹಲಗೆಗಳು. ತೊರೆಯಲ್ಲಿ ಹೆಂಗಸರು ನೀರು ತುಂಬಿಕೊಳ್ಳುತ್ತಿದ್ದರು.

ಅತ್ತೆ ಬಹಳ ಹೊತ್ತು ನೋಡಿದರು. "ಮೊದ್ಲು ತೋಡಿದ್ದು ಇವ್ರು ಅಂತ ಅಲ್ಲಿಯೋರ್ಗೆ ಗೊತ್ತಾ?"

"ಇಲ್ಲ ಕಣಮ್ಮ. ಯಾರ್ಗೂ ಗೊತ್ತಿಲ್ಲ."

"ಓಗ್ಲಿ ಬುಡು. ನೀರ್ ಚೆನ್ನಾಗದಲ್ಲ," ಎಂದು ಅತ್ತೆ ಕಣ್ಣೊರೆಸಿಕೊಂಡರು.

ಕಾಫಿ ಮಾಡುವ ನೆಪದಲ್ಲಿ ನಾನು ಒಳಗೆ ಹೋದೆ. ಇಷ್ಟು ವರ್ಷಕ್ಕೆ ಮಾವನಿಗೊಂದು ಒಳ್ಳೆಯ ಸುದ್ದಿ ಬಂದಿತ್ತು. ಕೇಳಿಸಿಕೊಳ್ಳಲು ಅವರೇ ಇರಲಿಲ್ಲ.