ಎರಡು ಸೊನ್ನೆ ಕೊಟ್ಟ ಮೇಷ್ಟ್ರು

ಮೇಷ್ಟ್ರು ನನ್ನ ಮೊಮ್ಮಗಳ ಧರ್ಮವನ್ನು ಹೀಯಾಳಿಸಲಿಲ್ಲ. ಅವಳು ಖಾಲಿ ಹಾಳೆ ಕೊಟ್ಟಳು, ಅವರು ಸೊನ್ನೆ ಕೊಟ್ಟರು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನಮ್ಮ ಜನ ಸೇರಿಸಿದ್ದು. ಅದರಲ್ಲಿ ನನ್ನ ಪಾಲೂ ಇದೆ.

ಮೇಷ್ಟ್ರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಬಿಳುಚಿಕೊಂಡು, ಹಳೇ ಸುಣ್ಣದ ಗೋಡೆಯ ಹಾಗೆ ಬಿರುಕು ಬಿಟ್ಟಿದ್ದವು. ಫಾರ್ಮಲಿನ್ ಬಾಟಲಿಯೊಳಗಿನ ಹಾವು, ಮೀನು, ಬಾವಲಿಗಳನ್ನು ಕೈಗವಸು ಹಾಕದೆ ಎತ್ತಿ ಎತ್ತಿ ಹಾಗಾಗಿತ್ತು. ಹಣೆಯ ಮೇಲೆ ಕಡ್ಡಿಯಷ್ಟು ತೆಳ್ಳಗಿನ ಕೆಂಪು ನಾಮ. ಮಧ್ಯಾಹ್ನದ ಹೊತ್ತಿಗೆ ಅದು ಬೆವರಿಗೆ ಇಳಿದು ಮೂಗಿನ ಬುಡಕ್ಕೆ ಬಂದಿರುತ್ತಿತ್ತು. ಒರೆಸಿಕೊಳ್ಳುತ್ತಿರಲಿಲ್ಲ.

ಮಲ್ಲೇಶ್ವರದ ಆ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ನಾನು ಇಪ್ಪತ್ತೆರಡು ವರ್ಷ ಅಟೆಂಡರ್ ಆಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಸತ್ತ ಪ್ರಾಣಿ ಮುಟ್ಟಿದ ದಿನ ಮೇಷ್ಟ್ರು ಮನೆಗೆ ಹೋದವರೇ ಹಿತ್ತಲಿನ ನಲ್ಲಿಯ ಕೆಳಗೆ ಬಟ್ಟೆ ಸಮೇತ ಕೂತು ತಲೆಗೆ ನೀರು ಹುಯ್ದುಕೊಂಡು ಒಳಗೆ ಹೋಗಬೇಕು. ಅದು ಅವರ ತಾಯಿ ಮಾಡಿದ ಕಟ್ಟಳೆ. ತಾಯಿ ತೀರಿಕೊಂಡ ಮೇಲೂ ಬಿಡಲಿಲ್ಲ. "ಈಗ ಯಾರಿದಾರೆ ಸಾರ್ ಕೇಳೋಕೆ?" ಎಂದೆ ಒಂದು ಸಲ. "ಅಮ್ಮ ಇಲ್ಲ. ನಲ್ಲಿ ಇದೆಯಲ್ಲಮ್ಮ," ಎಂದರು.

ನಾನು ಕೆಲಸಕ್ಕೆ ಸೇರಿದ ವರ್ಷವೇ ಅವರ ಜೊತೆ ಜಗಳ ಆಡಿದ್ದೆ. ವಿಕಾಸದ ಪಾಠ ನಡೆಯುತ್ತಿತ್ತು. ನಾನು ಬಾಗಿಲಾಚೆ ನಿಂತು ಕೇಳಿ, ಹುಡುಗರೆಲ್ಲ ಹೋದ ಮೇಲೆ ಒಳಗೆ ನುಗ್ಗಿದೆ.

"ಸಾರ್, ನನ್ನನ್ನ ದೇವ್ರು ಮಾಡಿದ್ದು. ಮನುಷ್ಯ ಕೋತಿಯಿಂದ ಬಂದ ಅಂತೀರಲ್ಲ, ನಿಮ್ಮ ತಾತ ಕೋತಿನಾ?"

ಬೇರೆ ಯಾರಾದರೂ ಆಗಿದ್ದರೆ ಅಂದೇ ನನ್ನ ಕೆಲಸ ಹೋಗುತ್ತಿತ್ತು. ಅವರು ಕರಿಹಲಗೆ ಒರೆಸುವುದನ್ನು ನಿಲ್ಲಿಸಿ ಹೇಳಿದರು: "ಕೋತಿಯಿಂದ ಬಂದ ಅಂತ ನಾನೆಲ್ಲಿ ಹೇಳ್ದೆ? ಕೋತಿಗೂ ನಮಗೂ ಬಹಳ ಹಿಂದೆ ಮುತ್ತಜ್ಜ ಒಬ್ಬನೇ ಅಂದೆ. ಬಾಗಿಲಾಚೆ ನಿಂತು ಅರ್ಧಂಬರ್ಧ ಕೇಳಿಸ್ಕೊಂಡು ಜಗಳಕ್ಕೆ ಬರ್ಬೇಡಿ. ನಾಳೆ ಒಳಗೆ ಕೂತ್ಕೊಂಡು ಪೂರ್ತಿ ಕೇಳಿ, ಆಮೇಲೆ ಬನ್ನಿ ಜಗಳಕ್ಕೆ."

ಮಾರನೇ ದಿನ ಕೊನೆಯ ಬೆಂಚಿನ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಸಿದ್ದರು. ಹುಡುಗರು ಕಿಸಕ್ಕೆಂದರು. ನಾನು ಸೆರಗು ಬಿಗಿದು ಕೂತೆ. ಪಾಠ ಮುಗಿದಾಗ ಎಲ್ಲರ ಎದುರೇ ಕೇಳಿದರು.

"ಅರ್ಥ ಆಯ್ತೇನಮ್ಮಾ?"

"ಆಯ್ತು ಸಾರ್."

"ಒಪ್ಪಿದ್ರಾ?"

"ಇಲ್ಲ ಸಾರ್."

"ನನಗೆ ಮೊದಲನೇದು ಸಾಕು," ಎಂದು ಹಾಜರಿ ಪುಸ್ತಕ ಮುಚ್ಚಿದರು.

ಅಲ್ಲಿಂದ ಮುಂದೆ ಪ್ರತಿ ವರ್ಷ ಆ ಪಾಠಕ್ಕೆ ನಾನು ಒಳಗೇ ಕೂತೆ. ಭಾನುವಾರ ಚರ್ಚಿನ ಸಭೆಗೂ ಹೋದೆ. ನನ್ನ ವಿಶ್ವಾಸಕ್ಕೆ ಒಂದು ಗೀರೂ ಬೀಳಲಿಲ್ಲ. ಸೃಷ್ಟಿ ಮಾಡಿದವನು ದೇವರು ಎಂದು ಈಗಲೂ ನಂಬುತ್ತೇನೆ. ಎಷ್ಟು ದಿನ ತೆಗೆದುಕೊಂಡೆ, ಹೇಗೆ ಮಾಡಿದೆ ಎಂದು ಅವನನ್ನು ವಿಚಾರಣೆಗೆ ನಿಲ್ಲಿಸುವವಳು ನಾನಲ್ಲ. ಪಾಠ ಕೇಳಿದರೆ ಉದುರಿಹೋಗುವ ನಂಬಿಕೆ ಉದುರಲಿ ಬಿಡಿ.

ನಾನು ನಿವೃತ್ತಳಾಗಿ ಮೂರು ವರ್ಷಕ್ಕೆ ಮೊಮ್ಮಗಳು ಅದೇ ಕಾಲೇಜಿಗೆ ಬಿ.ಎಸ್ಸಿಗೆ ಸೇರಿದಳು. ಮೇಷ್ಟ್ರಿಗೂ ಅದು ಕೊನೆಯ ವರ್ಷ. ವಿಕಾಸದ ಪಾಠದ ಮೇಲೆ ಟೆಸ್ಟ್ ಇಟ್ಟರು. ಇವಳು ಹೆಸರು, ನಂಬರು ಬರೆದು ಉಳಿದದ್ದನ್ನೆಲ್ಲ ಖಾಲಿ ಬಿಟ್ಟು ಕೊಟ್ಟು ಬಂದಳು.

ಆ ಶುಕ್ರವಾರ ಸಂಜೆ ಶ್ರೀರಾಂಪುರದ ನಮ್ಮ ಬೀದಿಯಲ್ಲೇ ಮನೆಪ್ರಾರ್ಥನೆ. ನಮ್ಮಲ್ಲಿ ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವುದಿದೆ. ಆ ವಾರ ದೇವರು ನಮಗೇನು ಮಾಡಿದ, ನಾವು ಅವನಿಗಾಗಿ ಏನು ಮಾಡಿದೆವು ಎಂದು ಎದ್ದು ನಿಂತು ಹೇಳಬೇಕು. ಇವಳು ಎದ್ದಳು. "ದೇವರಿಗೋಸ್ಕರ ನಾನು ಉತ್ತರ ಬರೀಲಿಲ್ಲ," ಎಂದಳು. ಎಲ್ಲರೂ ದೇವರಿಗೆ "ಸ್ತೋತ್ರ" ಎಂದು ಕೂಗಿದರು. ಆ ಕೂಗು ಕೇಳಿ ಹುಡುಗಿಗೆ ಹುಮ್ಮಸ್ಸು ಬಂತು. "ಮೇಷ್ಟ್ರು ಇಡೀ ಕ್ಲಾಸ್ ಮುಂದೆ ನನ್ನ ವಿಶ್ವಾಸಾನ ಹೀಯಾಳಿಸಿದ್ರು," ಎಂದು ಸೇರಿಸಿದಳು. ಇನ್ನೂ ಜೋರಾಗಿ "ಸ್ತೋತ್ರ". ನಾನೂ ಅಂದೆ. ಇಪ್ಪತ್ತೆರಡು ವರ್ಷ ಕಂಡ ಮನುಷ್ಯನನ್ನು ಒಂದು ಗಳಿಗೆಯಲ್ಲಿ ಬಿಟ್ಟುಕೊಟ್ಟೆ.

ಸಭೆಯ ಹಿರಿಯರೊಬ್ಬರು ಅಲ್ಲೇ ದೂರು ಬರೆದರು, ಇವಳು ಸಹಿ ಮಾಡಿದಳು. ಸೋಮವಾರ ಪ್ರಿನ್ಸಿಪಾಲರ ಮೇಜಿಗೆ ಹೋಯಿತು.

ಗುರುವಾರ ನಾನು ಛತ್ರಿ ಹಿಡಿದುಕೊಂಡು ಕಾಲೇಜಿಗೆ, ಮೇಷ್ಟ್ರ ಹತ್ತಿರ ಹೋದೆ. ಮಳೆ ಇರಲಿಲ್ಲ. ನೆಲಕ್ಕೆ ಕುಟ್ಟಿ ಮಾತಾಡಲು ಕೈಯಲ್ಲಿ ಏನಾದರೂ ಬೇಕಿತ್ತು.

"ನನ್ನ ಮೊಮ್ಮಗಳಿಗೆ ಏನಂದ್ರಿ ಸಾರ್?"

"ಏನೂ ಅನ್ಲಿಲ್ಲಮ್ಮ. ಅದೇ ನನ್ನ ತಪ್ಪು. ಕರೆದು ಕೂರಿಸ್ಕೊಂಡು ಮಾತಾಡ್ಬೇಕಿತ್ತು." ಬೀರು ತೆಗೆದು ಎರಡು ಪೇಪರ್ ಹೊರಗಿಟ್ಟರು. "ಇದು ನಿಮ್ಮ ಹುಡುಗೀದು, ಖಾಲಿ. ಇದನ್ನ ನೋಡಿ."

ಇನ್ನೊಂದು ಪೇಪರಿನಲ್ಲಿ ನಾಲ್ಕು ಪುಟ ತುಂಬ ಮುತ್ತಿನಂಥ ಅಕ್ಷರ. ಮುಂದಿನ ಬೆಂಚಿನ ಹುಡುಗಿಯದು. ಮೊದಲು ಮತ್ಸ್ಯ, ಆಮೇಲೆ ಕೂರ್ಮ, ಆಮೇಲೆ ವರಾಹ. ನೀರಿನಿಂದ ನೆಲಕ್ಕೆ ಜೀವ ಬಂದದ್ದು ದಶಾವತಾರದಲ್ಲೇ ಇದೆ, ವಿಜ್ಞಾನಿಗಳು ಹೊಸದಾಗಿ ಕಂಡುಹಿಡಿದದ್ದು ಏನೂ ಇಲ್ಲ ಎಂದು ಬರೆದಿದ್ದಳು. ಕೆಳಗೆ ಕೆಂಪು ಶಾಯಿಯಲ್ಲಿ ಸೊನ್ನೆ. ನಮ್ಮವಳಿಗೆ ಕೊಟ್ಟಷ್ಟೇ ದುಂಡಗಿನ ಸೊನ್ನೆ.

ನಾನು ಅವರ ಹಣೆಯ ನಾಮ ನೋಡಿದೆ. "ದಶಾವತಾರಕ್ಕೂ ಸೊನ್ನೆನಾ ಸಾರ್? ನೀವು ದಿನಾ ಕೈ ಮುಗಿಯೋ ದೇವ್ರಲ್ವಾ?"

"ಕೈ ಮುಗೀತೀನಿ. ಅದಕ್ಕೇ ಅವನನ್ನ ಪ್ರಶ್ನೆಪತ್ರಿಕೆಗೆ ಎಳೀಬೇಡಿ ಅಂತೀನಿ. ಒಪ್ಪಲ್ಲ ಅಂದ್ರೆ ಕೊನೇ ಸಾಲಲ್ಲಿ ಒಪ್ಪಲ್ಲ ಅಂತ ಬರೀಲಿ, ಅದಕ್ಕೆ ಮಾರ್ಕ್ಸ್ ಕಳೆಯಲ್ಲ. ಆದ್ರೆ ಒಪ್ಪದೇ ಇರೋದು ಏನನ್ನ ಅಂತ ಮೊದ್ಲು ಬರೀಬೇಕಲ್ಲಮ್ಮ?"

ಮೇಜಿನ ಮೇಲೆ ಪ್ರಿನ್ಸಿಪಾಲರ ನೋಟೀಸು ಇತ್ತು. ಧರ್ಮನಿಂದನೆ ಮಾಡಿದ್ದಕ್ಕೆ ವಿವರಣೆ ಕೊಡಬೇಕಂತೆ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. "ನಾಡಿದ್ದು ಶನಿವಾರ ಆ ಮಗೂನ ಕಳಿಸಿ. ಮತ್ತೆ ಟೆಸ್ಟ್ ಕೊಡ್ತೀನಿ," ಎಂದರು.

ಮನೆಗೆ ಬಂದು ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡೆ.

"ಯಾರೇ ಹೀಯಾಳಿಸಿದ್ದು?"

ಇನ್ನೊಂದು ಸಲ ಕೇಳಿದೆ.

"ಮುಂದಿನ ಬೆಂಚೋಳು. ಟೆಸ್ಟ್‌ಗೆ ಹಿಂದಿನ ದಿನ. ನಿಮ್ಮ ಆದಾಮ ಮಣ್ಣಿನ ಗೊಂಬೆನಾ, ಮಳೇಲಿ ಕರಗಲ್ವಾ ಅಂದ್ಳು. ಎಲ್ಲಾ ನಕ್ಕರು."

"ಮೇಷ್ಟ್ರು?"

"ಅವಳನ್ನ ಎಬ್ಬಿಸಿ ನಿಲ್ಲಿಸಿ ಬೈದ್ರು." ಕಣ್ಣು ನೆಲಕ್ಕಿಳಿಯಿತು. "ಪ್ರಾರ್ಥನೇಲಿ ಎಲ್ರೂ ಕೇಳ್ತಿದ್ರಲ್ಲ ಅಜ್ಜಿ, ಬಾಯಿಗೆ ಬಂದ್ಬಿಡ್ತು."

"ನೀನು ದೇವ್ರಿಗೋಸ್ಕರ ಹಾಳೆ ಖಾಲಿ ಬಿಡ್ಲಿಲ್ಲ ಕಣೇ. ನಕ್ಕೋರ ಮೇಲಿನ ಸಿಟ್ಟಿಗೆ ಬಿಟ್ಟೆ. ದೇವ್ರ ಹೆಸ್ರು ಯಾಕೆ ಹಾಕ್ತೀಯ?"

ಅತ್ತಳು. ಅಳಲಿ ಎಂದು ಬಿಟ್ಟೆ. ಶನಿವಾರ ಕಾಲೇಜಿಗೆ ಹೊರಟವಳು ಅರ್ಧ ದಾರಿಯಲ್ಲಿ ತಿರುಗಿ ಬಂದಳು. ಬೆಳಗಿನ ಜಾವ ಮೇಷ್ಟ್ರು ತೀರಿಕೊಂಡರೆಂದು ಗೆಳತಿ ಫೋನ್ ಮಾಡಿದ್ದಳು.

ದೂರಿನಿಂದ ಸತ್ತರು ಎಂದು ನಾನು ಹೇಳುವುದಿಲ್ಲ. ಅವರ ಎದೆಗೆ ಮೊದಲೇ ಕಾಯಿಲೆಯಿತ್ತು, ಮಾತ್ರೆ ಕಿಸೆಯಲ್ಲೇ ಇರುತ್ತಿತ್ತು. ಆದರೆ ತಲೆಯ ಮೇಲೆ ಸುಳ್ಳು ಹೊತ್ತುಕೊಂಡು ಸತ್ತರು. ಆ ಮಾತನ್ನು ಹೇಳಿಯೇ ಹೇಳುತ್ತೇನೆ. ಅವರ ಮನೆಗೆ ಹೋದೆ. ಆ ಎರಡು ಬೆರಳು ಸತ್ತ ಮೇಲೂ ಹಾಗೇ ಬಿಳುಚಿಕೊಂಡಿದ್ದವು. ನೋಡಿದೆ, ಕೈ ಮುಗಿದೆ, ಬಂದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಆ ಹಿರಿಯರು ನನ್ನ ಬಳಿ ಬಂದರು. "ನೋಡಿದ್ರಾ ತಾಯಿ? ದೇವ್ರೇ ತೀರ್ಪು ಕೊಟ್ರು. ಇನ್ನು ದೂರಿನ ಮಾತು ಬೇಡ."

ಜನ ಇನ್ನೂ ಚಪ್ಪಲಿ ಹುಡುಕುತ್ತಿದ್ದರು. ನಾನು ದನಿ ತಗ್ಗಿಸಲಿಲ್ಲ.

"ನಾನೊಂದು ಸಾಕ್ಷಿ ಹೇಳ್ತೀನಿ, ಕೇಳಿ. ಆ ಮನುಷ್ಯ ನನ್ನ ಹುಡುಗೀನ ಹೀಯಾಳಿಸ್ಲಿಲ್ಲ, ಹೀಯಾಳಿಸಿದೋಳನ್ನ ಬೈದ್ರು. ನಮ್ಮ ಹುಡುಗಿ ಸುಳ್ಳು ಹೇಳಿದ್ಳು. ನಾವೆಲ್ಲ ಅದಕ್ಕೆ ಸ್ತೋತ್ರ ಅಂದ್ವಿ. ನಾನೂ ಅಂದೆ. ದೇವ್ರು ತೀರ್ಪು ಕೊಡೋದಿದ್ರೆ ನಮ್ಮಿಂದ ಶುರು ಮಾಡ್ಲಿ."

"ಹೊರಗಿನೋರ ಪರ ವಹಿಸ್ತೀರಲ್ಲ ತಾಯಿ. ಸಭೆ ಏನನ್ಕೊಳ್ಳುತ್ತೆ?"

"ಏನಾದ್ರೂ ಅನ್ಕೊಳ್ಳಲಿ ಅಣ್ಣ. ಇಪ್ಪತ್ತೆರಡು ವರ್ಷ ಒಪ್ಪಲ್ಲ ಅಂತ ಅವ್ರ ಮುಖಕ್ಕೇ ಹೇಳಿದೀನಿ. ಒಪ್ಪದೇ ಇರೋದಕ್ಕೆ ಸುಳ್ಳು ಬೇಕಾಗ್ಲಿಲ್ಲ ನಂಗೆ."

ದಾರಿಯಲ್ಲಿ ಮೊಮ್ಮಗಳು ಕೇಳಿದಳು, "ಸಭೆಯಿಂದ ತೆಗೆದ್ರೆ ಅಜ್ಜಿ?"

"ಅವ್ರು ಹೆಸ್ರು ತೆಗೀಬಹುದು. ನನ್ನ ದೇವ್ರನ್ನ ತೆಗೆಯೋಕಾಗಲ್ಲ. ನಡಿ."

ಮಾರನೇ ದಿನ ಬೆಳಿಗ್ಗೆ ತಿಂಡಿಗೂ ಕಾಯದೆ ಅವಳ ಕೈಯಲ್ಲೇ ಎರಡು ಪ್ರತಿ ಬರೆಸಿದೆ: ಉತ್ತರ ಖಾಲಿ ಬಿಟ್ಟದ್ದು ನಾನು, ಮೇಷ್ಟ್ರು ನನ್ನ ಧರ್ಮದ ಬಗ್ಗೆ ಏನೂ ಅನ್ನಲಿಲ್ಲ, ನನ್ನ ದೂರು ಸುಳ್ಳು. ಕೆಳಗೆ ಸಹಿ ಹಾಕು ಎಂದೆ. ಹಾಕಿದಳು.

ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದರು. "ಅವರೇ ಇಲ್ವಲ್ಲಮ್ಮ ಈಗ. ಫೈಲ್ ಮುಚ್ಚಿಬಿಡ್ತೀವಿ, ಇದೆಲ್ಲ ಯಾಕೆ?"

"ಮುಚ್ಚಿ ಸಾರ್. ಮುಚ್ಚೋ ಮುಂಚೆ ಇದನ್ನ ಒಳಗೆ ಹಾಕಿ. ನನ್ನ ಪ್ರತಿಗೆ ಸೀಲ್ ಹಾಕ್ಕೊಡಿ."

ಸೀಲು ಬಿತ್ತು. ಹುಡುಗಿಯನ್ನು ಕ್ಲಾಸಿಗೆ ಕಳಿಸಿದೆ. ಆ ಪ್ರತಿಯನ್ನು ತೆಗೆದುಕೊಂಡು ನೇರ ಹಿರಿಯರ ಮನೆಗೆ ನಡೆದು, ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದವರ ಕೈಯಲ್ಲಿಟ್ಟೆ.

"ಶುಕ್ರವಾರದ ಪ್ರಾರ್ಥನೇಲಿ ಇದನ್ನ ಎಲ್ಲರ ಮುಂದೆ ಓದಿ," ಎಂದೆ. "ನೀವು ಓದ್ಲಿಲ್ಲ ಅಂದ್ರೆ ನಾನು ಓದ್ತೀನಿ. ನಾಲ್ಕನೇ ಕ್ಲಾಸು ಅಷ್ಟಕ್ಕೆ ಸಾಕು."