ಅವ್ವನ ಗದ್ದದ ಹಚ್ಚೆ

ಮೊನ್ನೆ ಮಗಳು ತನ್ನ ಹೊಸ ಫೋನಿನಲ್ಲಿ ನನ್ನದೊಂದು ಫೋಟೋ ತೆಗೆದಳು. ನೋಡಿದರೆ ಕೆನ್ನೆಯ ಬಂಗು ಮಾಯ, ಕಣ್ಣಿನ ಕೆಳಗಿನ ಕಪ್ಪೂ ಮಾಯ, ಮುಖಕ್ಕೆ ಮೈದಾ ಬಳಿದ ಹಾಗೆ ಬಿಳುಪು. ‘ನಾನೇನೂ ಮಾಡಿಲ್ಲಮ್ಮ, ಫೋನೇ ಮಾಡಿದ್ದು’ ಎಂದಳು. ಯಾರು ಕೇಳಿದ್ದರು ಅದನ್ನು? ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ ನಮ್ಮ ಹೊನ್ನಾಳಿಯ ಸ್ಟುಡಿಯೋ ಅಣ್ಣ ನೆನಪಾದರು...

ಊರಿಗೆಲ್ಲ ಅವರು ಸ್ಟುಡಿಯೋ ಅಣ್ಣನೇ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರು. ನ್ಯಾಮತಿಯಿಂದಲೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಲ್ಲಿಂದ ಯಾರೂ ತಮ್ಮ ಬಣ್ಣದಲ್ಲಿ ಹೊರಗೆ ಬಂದಿದ್ದಿಲ್ಲ. ನಾಟಿ ಹಚ್ಚುವ ಹೆಂಗಸರು, ಲಾರಿ ಡ್ರೈವರುಗಳು, ಹೈಸ್ಕೂಲು ಹುಡುಗಿಯರು, ಎಲ್ಲರದೂ ಒಂದೇ ಗುಲಾಬಿ ಬಿಳುಪು, ಹಿಂದೆ ಒಂದೇ ನೀಲಿ. ಬೇಡವೆಂದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ‘ಕಪ್ಪಗೆ ಕೊಟ್ರೆ ನನ್ನ ಕ್ಯಾಮೆರಾನೇ ಸರಿ ಇಲ್ಲ ಅಂತಾರ್ರೀ ಅಕ್ಕಾರೆ’ ಎನ್ನುವರು. ಅವರ ಜೊತೆ ವಾದ ಮಾಡಿ ಮಾಡಿ ನನಗೆ ಸಾಕಾಗಿ ಹೋಗಿತ್ತು.

ಅವ್ವ ತೀರಿಕೊಂಡಾಗ ಮನೆಯಲ್ಲಿ ಅವಳ ಫೋಟೋ ಇರಲಿಲ್ಲ. ಕ್ಯಾಮೆರಾ ಕಂಡರೆ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುವವಳು ಅವಳು. ಓಟಿನ ಚೀಟಿಯಲ್ಲಿದ್ದದ್ದು ಬರೀ ಮಸಿ. ಹಿತ್ತಲಲ್ಲಿ ಶಾವಿಗೆ ಒಣಹಾಕುವಾಗ ಅವಳಿಗೆ ಗೊತ್ತಾಗದಂತೆ ನನ್ನ ಫೋನಿನಲ್ಲಿ ತೆಗೆದದ್ದು ಮಾತ್ರ ಸ್ಪಷ್ಟವಾಗಿತ್ತು. ಅದಿದ್ದ ಮೆಮೊರಿ ಕಾರ್ಡನ್ನು ಸ್ಟುಡಿಯೋ ಅಣ್ಣನ ಕೈಗೆ ಕೊಟ್ಟು, ‘ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡ್ರಿ ಸಾಕು, ಬೇರೆ ಏನೂ ಮಾಡಬ್ಯಾಡ್ರಿ’ ಎಂದು ಎರಡೆರಡು ಸಲ ಹೇಳಿ ಬಂದೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಇನ್ನೊಂದೇ ದಿನ ಇದ್ದಾಗ ಹೋದೆ. ಅವ್ವ ಬೆಳ್ಳಗಿದ್ದಳು. ಹಿಂದೆ ಹಿಮದ ಬೆಟ್ಟ. ದಾವಣಗೆರೆಯನ್ನೇ ದಾಟದವಳನ್ನು ಕೈಲಾಸಕ್ಕೆ ಒಯ್ದು ಕೂರಿಸಿದ್ದರು. ಅದನ್ನೂ ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ, ಆದರೆ ಚಿಕ್ಕಂದಿನಲ್ಲಿ ಹಾಕಿಸಿಕೊಂಡಿದ್ದ ಗದ್ದದ ಹಚ್ಚೆಯೇ ಇರಲಿಲ್ಲ.

‘ಗದ್ದದ ಮ್ಯಾಲೆ ಏನೋ ಕಲೆ ಇತ್ತು. ತೆಗೆಯಾಕೆ ಒಂದು ತಾಸು ಹಿಡೀತು ನೋಡ್ರಿ’ ಎಂದರು, ಹೆಮ್ಮೆಯಿಂದ.

ಮೊದಲಿನದನ್ನೇ ಕೊಡಿ ಎಂದೆ. ‘ಕಾರ್ಡು ತುಂಬಿ ಹೋಗಿತ್ತಲ್ರೀ, ನಿಮಗೆ ಅನುಕೂಲ ಆಗ್ಲಿ ಅಂತ ಎಲ್ಲಾ ಖಾಲಿ ಮಾಡೀನಿ’ ಎಂದರು. ಕಂಪ್ಯೂಟರಿಗೆ ಹಾಕಿಕೊಂಡಿದ್ದ ಪ್ರತಿಯನ್ನೇ ತಿದ್ದಿ ಉಳಿಸಿದ್ದರು, ಮೊದಲಿನದು ಎಲ್ಲೂ ಇರಲಿಲ್ಲ. ಉಪಕಾರ! ಬಾಯಿಗೆ ಬಂದ ಹಾಗೆ ಬೈದೆ. ಅವರು ಸ್ಟೂಲು ಎಳೆದು ಹಾಕಿದರು.

‘ಕೂತ್ಕಳ್ರಿ ಅಕ್ಕಾರೆ. ಅವ್ವಾರು ಹೆಂಗಿದ್ರು ಅಂತ ನೀವು ಹೇಳ್ರಿ, ಹಂಗೇ ಮಾಡ್ತೀನಿ.’

ಕಪ್ಪು ಎಂದೆ. ಮೌಸು ಸರಿಸಿದರು. ‘ಇಷ್ಟಾ? ಇನ್ನೊಂಚೂರಾ?’ ಅವ್ವನ ಮುಖ ಹೊಗೆ ಹಿಡಿದ ಗೋಡೆಯಂತಾಯಿತು. ಅದಲ್ಲ ಎಂದೆ. ತುಸು ಬಿಳುಪು ಮಾಡಿದರು. ಅದೂ ಅಲ್ಲ. ಹಚ್ಚೆಗೆ ಬಂದರು. ‘ಮೂರು ಚುಕ್ಕಿನಾ, ಐದಾ?’

ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ಆ ಮುಖವನ್ನು ನೋಡಿಕೊಂಡೇ ಉಂಡವಳಿಗೆ ಗೊತ್ತಿರಲಿಲ್ಲ. ನಾಚಿಕೆಗೆ ಇನ್ನೊಂದು ಸಲ ಅವರ ಮೇಲೇ ಹರಿಹಾಯ್ದೆ. ‘ಹಾಳು ಮಾಡಿಟ್ಟು ನನ್ನೇ ಕೇಳ್ತೀರಲ್ರೀ’ ಎಂದು ಆ ಬಿಳಿ ಫೋಟೋವನ್ನೇ ಎತ್ತಿಕೊಂಡು ಮನೆಗೆ ಬಂದೆ.

ಆಮೇಲೆ ಪೇಟೆಯಲ್ಲಿ ಎಲ್ಲಿ ಸಿಕ್ಕರೂ ಸೈಕಲ್ಲಿನಿಂದ ಇಳಿದು ನಿಲ್ಲುವರು. ‘ನೆನಪಾತಾ ಅಕ್ಕಾರೆ? ಅವ್ವಾರ ಫೋಟೋ ಹಂಗೇ ಇಟ್ಟೀನಿ, ಯಾವಾಗಾದ್ರೂ ಬರ್ರಿ.’ ತರಕಾರಿ ಅಂಗಡಿಯ ಮುಂದೆ, ಬ್ಯಾಂಕಿನ ಸಾಲಿನಲ್ಲಿ, ಯಾರದೋ ಮದುವೆಯ ಪಂಕ್ತಿಯಲ್ಲೂ ಅದೇ ಪ್ರಶ್ನೆ. ನಾನು ಮುಖ ತಿರುಗಿಸಿಕೊಂಡು ಹೋಗಿಬಿಡುತ್ತಿದ್ದೆ.

ಅವರು ತೀರಿಹೋಗಿ ನಾಲ್ಕು ವರ್ಷವಾಯಿತು. ಆ ಕೋಣೆಯಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಕಂಪ್ಯೂಟರು ಗುಜರಿಗೆ ಹೋಯಿತಂತೆ. ಈಗ ನಾನು ಕಣ್ಣು ಮುಚ್ಚಿದರೂ ಆ ಬಿಳಿ ಮುಖವೇ ಎದುರಿಗೆ ಬರುತ್ತದೆ. ಅದಕ್ಕಾಗಿ ಅವರ ಮೇಲೆ ಇನ್ನೂ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅವ್ವ ಹೇಗಿದ್ದಳು ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದವರು ಈ ಊರಿನಲ್ಲಿ ಅವರೊಬ್ಬರೇ. ಒಂದು ಸಲವೂ ನಿಂತು ನಾನು ಉತ್ತರ ಕೊಡಲಿಲ್ಲ.